ಟ್ಯೂಬ್ ಆಂಪ್ ಅಪ್‌ಗ್ರೇಡ್ ಮಾಡಿದೆ, ಈಗ ಹಳೇ ಸೌಂಡೇ ಚೆನ್ನಾಗಿತ್ತು ಅನ್ನಿಸುತ್ತಿದೆ

ಬಿಸಿಲೂರು ಗಿಟಾರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈದುಕೊಳ್ಳದೆ ಓದಿ.

ನನ್ನದು 15 ವಾಟಿನ ಟ್ಯೂಬ್ ಆಂಪ್, ಅಂದ್ರೆ ಗಾಜಿನ ವಾಲ್ವಿನಿಂದ ಓಡುವ ಗಿಟಾರ್ ಆಂಪ್ಲಿಫೈಯರ್. ಸ್ಪೀಕರಿಗೆ ಪವರ್ ಕೊಡುವ ಇಎಲ್84 ಟ್ಯೂಬ್ ಎರಡು, ಸಣ್ಣ ಸಿಗ್ನಲ್ ದೊಡ್ಡದು ಮಾಡುವ 12ಎಎಕ್ಸ್7 ಟ್ಯೂಬ್ ಮೂರು, 12 ಇಂಚಿನ ಒಂದು ಸ್ಪೀಕರ್, ಸ್ಪ್ರಿಂಗ್ ರಿವರ್ಬ್. ಕಂಪನಿ ಹೆಸರು ಬೇಡ ಬಿಡಿ. ಆರು ವರ್ಷದ ಹಿಂದೆ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ರೈಲಿನಲ್ಲಿ ಸೀಟಿನ ಕೆಳಗೆ ಹಿಡಿಸಲಿಲ್ಲ ಅಂತ ವಾಡಿ ದಾಟುವವರೆಗೂ ಎರಡು ಕಾಲಿನ ನಡುವೆ ಇಟ್ಟುಕೊಂಡು ಬಂದಿದ್ದೆ. ಭಾನುವಾರದ ಪ್ರಾರ್ಥನೆಗೆ, ಮದುವೆ ಆರ್ಕೆಸ್ಟ್ರಾಗೆ, ಎಲ್ಲದಕ್ಕೂ ಇದೊಂದೇ.

ಹೋದ ಬೇಸಿಗೆಯಿಂದ ಎರಡು ತೊಂದರೆ. ವಾಲ್ಯೂಮ್ ಸೊನ್ನೆಗೆ ಇಟ್ಟರೂ ಗುಂಯ್ ಅನ್ನುವ ಹಮ್. ಇನ್ನೊಂದು, ರಾತ್ರಿ ಹೊತ್ತು ಒಂದು ಇಎಲ್84 ಒಳಗಿನ ತಗಡು (ಪ್ಲೇಟ್) ಕೆಂಪಗಾಗುತ್ತಿತ್ತು. ಟ್ಯೂಬ್ ಕಾಯಿಸುವ ಹೀಟರಿನ ಕಿತ್ತಳೆ ಬೆಳಕಲ್ಲ, ಒಲೆ ಮೇಲೆ ಮರೆತ ಹಂಚಿನ ಥರ ಮಂಕು ಕೆಂಪು. ಹೇಗೂ ಬಿಚ್ಚುತ್ತಿದ್ದೇನಲ್ಲ ಅಂತ ಒಂದೇ ವಾರದಲ್ಲಿ ಎಲ್ಲಾ ಬದಲಾಯಿಸಿಬಿಟ್ಟೆ. ಫಿಲ್ಟರ್ ಕೆಪಾಸಿಟರ್ ಎಲ್ಲಾ ಹೊಸವು, ಅದರಲ್ಲಿ ಮೊದಲನೆಯದಕ್ಕೆ 22 ಮೈಕ್ರೋಫ್ಯಾರಡ್ ಜಾಗದಲ್ಲಿ 47 ಹಾಕಿದೆ. ಐದೂ ಟ್ಯೂಬ್ ಹೊಸವು. ಬಯಾಸಿಗೆ, ಅಂದ್ರೆ ನುಡಿಸದೆ ಇದ್ದಾಗ ಇಎಲ್84ರಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅನ್ನುವುದಕ್ಕೆ, ಕಂಪನಿಯವರು ಒಂದು ರೆಸಿಸ್ಟರ್ ಮಾತ್ರ ಇಟ್ಟಿದ್ದರು, ತಿರುಗಿಸಲು ಏನೂ ಇರಲಿಲ್ಲ. ಅಲ್ಲಿ ಟ್ರಿಮ್‌ಪಾಟ್ ಕೂರಿಸಿದೆ, ಅಳೆಯಲು ಅನುಕೂಲ ಆಗಲಿ ಅಂತ ಎರಡೂ ಇಎಲ್84ರ ಕ್ಯಾಥೋಡಿಗೆ (ಟ್ಯೂಬಿನ ಕರೆಂಟೆಲ್ಲಾ ಹಾದುಹೋಗುವ ಕಾಲು) 1 ಓಮ್ ರೆಸಿಸ್ಟರ್ ಹಾಕಿದೆ. ಟ್ಯೂಬ್ ಸುಡಬಾರದು ಅಂತ ಟ್ರಿಮ್‌ಪಾಟ್ ಸೇಫ್ ಕಡೆಗೇ ತಿರುಗಿಸಿ ಇಟ್ಟಿದ್ದೇನೆ. ಸ್ಪೀಕರ್ ಹಳೇದು ತೆಗೆದು ಸೆಲೆಸ್ಟಿಯನ್ ವಿಂಟೇಜ್ 30, 8 ಓಮಿನದು.

ಹಮ್ ಹೋಯಿತು. ಕೆಂಪಗಾಗುವುದೂ ಹೋಯಿತು. ಸೌಂಡ್ ಜೋರಾಯಿತು, ಸ್ವಚ್ಛವೂ ಆಯಿತು. ಆದರೆ ಖುಷಿ ಇಲ್ಲ. ಮೇಲಿನ ಎರಡು ತಂತಿ ಕಿವಿಗೆ ಚುಚ್ಚುತ್ತವೆ. ಮೊದಲು ಪಿಕ್ ಹೊಡೆದ ಕೂಡಲೇ ಸ್ವರ ಸ್ವಲ್ಪ ತಗ್ಗಿ ಆಮೇಲೆ ಎದ್ದು ಬರುತ್ತಿತ್ತು, ಹತ್ತಿ ಗಾದಿ ಮೇಲೆ ಕೂತ ಹಾಗೆ. ಈಗ ಫರಸಿ ಮೇಲೆ ಕೂತ ಹಾಗಿದೆ. ಮೆಲ್ಲಗೆ ನುಡಿಸಿದರೆ ಸ್ವರದ ಬಾಲದಲ್ಲಿ ಕರ್ ಅಂತ ಒಂದು ಒರಟು ಬೇರೆ.

ದುಡ್ಡು ಹಾಕಿ ಹಾಳು ಮಾಡಿಕೊಂಡೆನಾ? ಯಾರಾದರೂ ಹೇಳಿ.


ಬೀದರ್ ಸ್ಲೈಡ್

ಅಣ್ಣಾ, ಹಾಳೇನೂ ಆಗಿಲ್ಲ. ಮೊದಲು ಇದು ಹೇಳಿ, ಆಂಪ್ ಎಲ್ಲಿಟ್ಟು ನುಡಿಸುತ್ತೀರಿ? ನಮ್ಮ ಕಡೆ ಮನೆ ಅಂದ್ರೆ ಶಹಾಬಾದ್ ಕಲ್ಲಿನ ನೆಲ, ಸುಣ್ಣದ ಗೋಡೆ, ಮೇಲೆ ಪತ್ರಾಸ್ ಇಲ್ಲ ಸ್ಲ್ಯಾಬ್. ಟ್ರೆಬಲ್ ಹೀರಿಕೊಳ್ಳುವ ವಸ್ತು ಒಂದೂ ಇಲ್ಲ. ನನ್ನ ರೂಮಿನಲ್ಲಿ ಚಪ್ಪಾಳೆ ಹೊಡೆದರೆ ಟಣ್ ಅಂತ ವಾಪಸ್ ಬರುತ್ತದೆ. ಎರಡು ಕೌದಿ ಗೋಡೆಗೆ ತೂಗುಹಾಕಿದ ಮೇಲೆ ನನ್ನ ಅರ್ಧ ಸಮಸ್ಯೆ ಹೋಯಿತು. ಅಜ್ಜಿ ಹೊಲಿದ ಕೌದಿ, ಬೈಸಿಕೊಂಡೆ, ಅದು ಬೇರೆ ಮಾತು.

ಎರಡನೆಯದು ಸ್ಪೀಕರ್. ವಿಂಟೇಜ್ 30 ಕೆಟ್ಟದ್ದಲ್ಲ, ಆದರೆ ಅದಕ್ಕೆ ಮೇಲಿನ ಮಿಡ್ಸ್ ಎತ್ತಿ ಹಿಡಿಯುವ ಸ್ವಭಾವ ಇದೆ. ಮದುವೆ ಮಂಟಪದಲ್ಲಿ ಕೀಬೋರ್ಡು, ತಬಲಾ ನಡುವೆ ಅದೇ ಗಿಟಾರನ್ನು ಕಾಪಾಡುತ್ತದೆ. 10 ಅಡಿ ರೂಮಿನಲ್ಲಿ ಅದೇ ಚುಚ್ಚುತ್ತದೆ. ಅದರ ಸೆನ್ಸಿಟಿವಿಟಿ 100 ಡಿಬಿ, ಅಂದ್ರೆ 1 ವಾಟಿಗೆ 1 ಮೀಟರ್ ದೂರದಲ್ಲಿ. ಗ್ರೀನ್‌ಬ್ಯಾಕ್ ಅಂತ ಅದೇ ಕಂಪನಿಯ ಇನ್ನೊಂದು ಸ್ಪೀಕರ್, ಅದರದು 98. ಮೂರು ಡಿಬಿ ಅಂದ್ರೆ ಆಂಪಿನ ಪವರ್ ಎರಡರಷ್ಟು ಮಾಡಿದ ಲೆಕ್ಕ, ಹಾಗಾಗಿ ಸ್ಪೀಕರ್ ಒಂದರಿಂದಲೇ ಜೋರು ಕೇಳಿಸುವುದು ಸಹಜ. ಮೇಲಾಗಿ ಅದು 60 ವಾಟಿನದು, ನಿಮ್ಮ 15 ವಾಟಿಗೆ ಅದು ಬೆವರುವುದೂ ಇಲ್ಲ. ಸ್ಪೀಕರೇ ಸ್ವಲ್ಪ ಒಡೆದು ಕೊಡುವ ಆ ಮೆತ್ತನೆಯ ಸೌಂಡ್ ಅದರಿಂದ ಬರುವುದಿಲ್ಲ. ಹೊಸ ಕೋನ್ ಕೆಲವು ಗಂಟೆ ನುಡಿಸಿದ ಮೇಲೆ ಸ್ವಲ್ಪ ಸಡಿಲ ಆಗುತ್ತದೆ, ಆದರೆ ಪವಾಡ ಕಾಯಬೇಡಿ.

ಇನ್ನೊಂದು, 12 ಇಂಚಿನ ಸ್ಪೀಕರ್ ಟ್ರೆಬಲನ್ನು ಟಾರ್ಚಿನ ಹಾಗೆ ನೇರ ಮುಂದೆ ಬಿಡುತ್ತದೆ. ಆಂಪ್ ನೆಲದ ಮೇಲಿದ್ದು ನೀವು ನಿಂತು ನುಡಿಸಿದರೆ ಆ ಟ್ರೆಬಲ್ ನಿಮ್ಮ ಮೊಣಕಾಲಿಗೆ ಹೋಗುತ್ತದೆ. ಅಪ್‌ಗ್ರೇಡ್ ಆದ ಮೇಲೆ ಕುತೂಹಲಕ್ಕೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿರುತ್ತೀರಿ ಅಲ್ವಾ?

ಹಳೇ ಸ್ಪೀಕರ್ ಒಮ್ಮೆ ವಾಪಸ್ ಹಾಕಿ ನೋಡಿ. ಆಂಪ್ ಆಫ್ ಮಾಡಿಯೇ ಬದಲಾಯಿಸಿ. ಸ್ಪೀಕರ್ ತಗಲಿಸದೆ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಗೊತ್ತಿರುತ್ತದೆ, ಆದರೂ ಹೇಳಿದೆ.


ಯಾದಗಿರಿ ಹುಡುಗ

ಇಷ್ಟೆಲ್ಲಾ ಯಾಕ್ರೀ? ಮಾಡೆಲರ್ ಪೆಡಲ್ ತೊಗೊಳ್ಳಿ, ಎಲ್ಲಾ ಆಂಪೂ ಅದರಲ್ಲೇ ಇರುತ್ತವೆ. ಟ್ಯೂಬೂ ಇಲ್ಲ, ಶಾಕೂ ಇಲ್ಲ, ಬೆನ್ನು ನೋವೂ ಇಲ್ಲ. ಅಂದ ಹಾಗೆ ಹಳೇ ಸ್ಪೀಕರ್ ಮಾರುತ್ತೀರಾ?


ವಾಲ್ವ್ ಕಾಕಾ (ಕಲಬುರಗಿ)

ತಮ್ಮಾ, ಐದು ಕೆಲಸ ಒಂದೇ ಸಲ ಮಾಡಿ ಯಾವುದರಿಂದ ಏನಾಯಿತು ಅಂತ ಕೇಳಿದರೆ ನಾನಾದರೂ ಏನು ಹೇಳಲಿ? ಒಂದೊಂದೇ ಹಾಕಿ ಕೇಳಬೇಕಿತ್ತು. ಇರಲಿ.

ನನಗೆ ಗಿಟಾರ್ ಬರುವುದಿಲ್ಲ. ವಾಲ್ವ್ ರೇಡಿಯೋ ರಿಪೇರಿ ಮಾಡಿದವನು ನಾನು. ನಿಮ್ಮ 12ಎಎಕ್ಸ್7 ಅಂದ್ರೆ ನಮ್ಮ ಇಸಿಸಿ83. ಒಂದೇ ವಾಲ್ವ್, ಅಮೆರಿಕದವರು ಕರೆಯುವ ಹೆಸರು ಬೇರೆ, ಯೂರೋಪಿನವರು ಕರೆಯುವುದು ಬೇರೆ. ಇಎಲ್84ಕ್ಕೆ ಅವರು 6ಬಿಕ್ಯೂ5 ಅನ್ನುತ್ತಾರೆ. ಮೊದಲ ಸಲ ಒಬ್ಬ ಹುಡುಗ ಬಂದು 12ಎಎಕ್ಸ್7 ಇದೆಯಾ ಅಂದಾಗ ಇಲ್ಲ ಅಂತ ಕಳಿಸಿಬಿಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅದು ನನ್ನ ಬೆನ್ನ ಹಿಂದಿನ ಡಬ್ಬಿಯಲ್ಲೇ ಇತ್ತು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿತು. ಆ ಬಿಇಎಲ್ ಇಸಿಸಿ83 ನನ್ನ ಹತ್ತಿರ ಇನ್ನೂ ನಾಲ್ಕು ಇವೆ.

ನೀನು ಟ್ರಿಮ್‌ಪಾಟ್ ಸೇಫ್ ಕಡೆಗೆ ತಿರುಗಿಸಿದೆ ಅಂದೆಯಲ್ಲ, ನನ್ನ ಅನುಮಾನ ಅಲ್ಲಿದೆ. ಸೇಫ್ ಅಂದ್ರೆ ಎಷ್ಟು? ಅಂಕಿ ಕೊಡು. ಮೂರು ಅಳತೆ ಬೇಕು. ಗೋಡೆ ಪ್ಲಗ್ಗಿನಲ್ಲಿ ಎಷ್ಟು ವೋಲ್ಟೇಜ್, ಅದೂ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ. ಇಎಲ್84 ಪ್ಲೇಟಿನಲ್ಲಿ ಹೈ ಟೆನ್ಶನ್ ಡಿಸಿ ಅನ್ನುವ ಎಚ್‌ಟಿ ಎಷ್ಟು. 1 ಓಮ್ ಮೇಲೆ ಎಷ್ಟು ಮಿಲಿವೋಲ್ಟ್, 1 ಮಿಲಿವೋಲ್ಟ್ ಅಂದ್ರೆ 1 ಮಿಲಿಆಂಪ್.

ಹುಷಾರಾಗಿ ಮಾಡು. ಒಳಗೆ 300 ವೋಲ್ಟಿಗೂ ಜಾಸ್ತಿ ಡಿಸಿ ಇದೆ. ಪ್ಲಗ್ ಕಿತ್ತರೂ ಕಂಡೆನ್ಸರಿನಲ್ಲಿ, ಅಂದ್ರೆ ನಿಮ್ಮ ಕೆಪಾಸಿಟರಿನಲ್ಲಿ, ಕೂತಿರುತ್ತದೆ. 10 ಕೆ, 5 ವಾಟಿನ ರೆಸಿಸ್ಟರಿಗೆ ಎರಡು ಕಡೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಎಚ್‌ಟಿಗೂ ಆಂಪಿನ ಲೋಹದ ಚೌಕಟ್ಟಾದ ಚಾಸಿಗೂ ನಡುವೆ ಹತ್ತು ಹದಿನೈದು ಸೆಕೆಂಡ್ ಇಡು, ಆಮೇಲೆ ಮೀಟರಿನಲ್ಲಿ ನೋಡು, ಆಮೇಲೆ ಕೈ ಹಾಕು. ಸ್ಕ್ರೂಡ್ರೈವರಿನಿಂದ ಚಟ್ ಅನ್ನಿಸುವುದು ಬೇಡ. ಅಳೆಯುವಾಗ ಮೀಟರಿನ ಕಪ್ಪು ತಂತಿ ಆಂಪ್ ಆಫ್ ಇದ್ದಾಗಲೇ ಚಾಸಿಗೆ ಕ್ಲಿಪ್ ಮಾಡು, ಆನ್ ಆದ ಮೇಲೆ ಒಂದೇ ಕೈ ಕೆಲಸ ಮಾಡಬೇಕು, ಇನ್ನೊಂದು ಜೇಬಿನಲ್ಲಿರಬೇಕು. ಕಾಲಿಗೆ ಚಪ್ಪಲಿ ಇರಲಿ. ನನ್ನ ಎಡಗೈ ಹೆಬ್ಬೆರಳಿನಲ್ಲಿ ಒಂದು ಬಿಳಿ ಚುಕ್ಕೆ ಇದೆ, ಮೂವತ್ತು ವರ್ಷದ ಹಿಂದಿನದು. ಬೇಕಾದರೆ ಬಂದಾಗ ತೋರಿಸುತ್ತೇನೆ.


ಬಿಸಿಲೂರು ಗಿಟಾರ್

ಕಾಕಾ, ಅಳೆದೆ. ಜೇಬಿನಲ್ಲಿ ಕೈ ಇಟ್ಟೇ ಅಳೆದೆ.

ಮಧ್ಯಾಹ್ನ 3 ಗಂಟೆಗೆ ಗೋಡೆಯಲ್ಲಿ 208. ಓಣಿಯ ಕೂಲರ್ ಎಲ್ಲಾ ಓಡುತ್ತಿದ್ದವು. ರಾತ್ರಿ 11ಕ್ಕೆ 247! ಮೀಟರ್ ಕೆಟ್ಟಿದೆ ಅಂತ ಪಕ್ಕದ ಮನೆಯ ಮೀಟರ್ ತಂದು ಇನ್ನೊಮ್ಮೆ ನೋಡಿದೆ, ಅದೇ ಬಂತು. ರಾತ್ರಿ ಪ್ಲೇಟಿನಲ್ಲಿ 343 ವೋಲ್ಟ್, 1 ಓಮ್ ಮೇಲೆ ಒಂದರಲ್ಲಿ 14, ಇನ್ನೊಂದರಲ್ಲಿ 14.6 ಮಿಲಿವೋಲ್ಟ್.

ಬೀದರ್ ಅಣ್ಣಾ, ಕುಕ್ಕರಗಾಲಲ್ಲಿ ಕೂತು ಕೇಳಿದ್ದು ನಿಜ. ಹೇಗೆ ಗೊತ್ತಾಯಿತು?


ವಾಲ್ವ್ ಕಾಕಾ

ಗೊತ್ತಾಯಿತು ಬಿಡು.

ಲೆಕ್ಕ ನೋಡು. 343 ಗುಣಿಸು 14 ಮಿಲಿಆಂಪ್, 4.8 ವಾಟ್. ಇಎಲ್84 ಪ್ಲೇಟ್ ತಡೆಯುವುದು 12 ವಾಟ್. ಅಂದ್ರೆ ನೀನು ವಾಲ್ವಿನ 40 ಪರ್ಸೆಂಟಿಗೆ ಇಟ್ಟಿದ್ದೀಯ. ಕ್ಯಾಥೋಡಿನಲ್ಲಿ ಅಳೆದರೆ ವಾಲ್ವಿನ ಒಳಗಿನ ಇನ್ನೊಂದು ಭಾಗವಾದ ಸ್ಕ್ರೀನಿನ ಕರೆಂಟೂ ಸ್ವಲ್ಪ ಸೇರಿರುತ್ತದೆ, ನಿಜವಾದ ಅಂಕಿ ಇನ್ನೂ ಕಡಿಮೆ. ವಾಲ್ವ್ ಸುಡುವುದಿಲ್ಲ ಸರಿ. ಆದರೆ ಅದು ಪೂರ್ತಿ ಎದ್ದೇ ಇಲ್ಲ.

ಎರಡು ಇಎಲ್84 ಅಂದ್ರೆ ಇಬ್ಬರು ಸೇರಿ ದೊಡ್ಡ ಗರಗಸ ಎಳೆದ ಹಾಗೆ. ಅಲೆಯ ಮೇಲಿನ ಅರ್ಧ ಒಬ್ಬ ಎಳೆಯುತ್ತಾನೆ, ಕೆಳಗಿನ ಅರ್ಧ ಇನ್ನೊಬ್ಬ. ಒಬ್ಬ ಬಿಡುವ ಮೊದಲೇ ಇನ್ನೊಬ್ಬ ಹಿಡಿದಿರಬೇಕು. ಬಯಾಸ್ ತಣ್ಣಗಿಟ್ಟರೆ, ಅಂದ್ರೆ ಕರೆಂಟ್ ಕಡಿಮೆ ಇಟ್ಟರೆ, ನಡುವೆ ಒಂದು ಕ್ಷಣ ಇಬ್ಬರೂ ಕೈ ಬಿಟ್ಟಿರುತ್ತಾರೆ. ಅಲ್ಲಿ ಅಲೆ ಮುರಿಯುತ್ತದೆ. ಜೋರಾಗಿ ನುಡಿಸಿದಾಗ ಅದು ಮುಚ್ಚಿಹೋಗುತ್ತದೆ, ಮೆಲ್ಲಗೆ ನುಡಿಸಿದಾಗ, ಸ್ವರ ಸಣ್ಣಗಾಗುತ್ತಾ ಹೋದಾಗ, ಎದ್ದು ಕೇಳುತ್ತದೆ. ನೀನು ಹೇಳಿದ ಕರ್ ಅದೇ. ರಾತ್ರಿ 247 ಇರುವಾಗಲೇ 25 ಮಿಲಿಆಂಪಿಗೆ ತಂದು ಇಡು. 8.6 ವಾಟ್ ಆಗುತ್ತದೆ, 70 ಪರ್ಸೆಂಟಿನ ಆಸುಪಾಸು. ವೋಲ್ಟೇಜ್ ಜಾಸ್ತಿ ಇರುವ ಹೊತ್ತಿಗೆ ಸರಿ ಮಾಡಿದರೆ ಉಳಿದ ಹೊತ್ತಿಗೆ ಭಯ ಇಲ್ಲ. ಹಳೇದು ರಾತ್ರಿ ಕೆಂಪಗಾಗುತ್ತಿತ್ತು ಅಂದ್ರೆ ಅದು 12 ದಾಟಿ ಓಡುತ್ತಿತ್ತು. ನೀನು ಕೇಳಿ ಮೆಚ್ಚಿದ್ದು ಉರಿಯುವ ವಾಲ್ವಿನ ಸೌಂಡ್.

ಇನ್ನೊಂದು ಕೇಳುತ್ತೇನೆ. ಹಳೇದನ್ನು ದಿನದಲ್ಲಿ ಯಾವ ಹೊತ್ತಿಗೆ ನುಡಿಸುತ್ತಿದ್ದೆ? ಹೊಸದನ್ನು ಯಾವ ಹೊತ್ತಿಗೆ ಕೇಳಿದೆ?


ಬಿಸಿಲೂರು ಗಿಟಾರ್

ಅಯ್ಯೋ.

ಹಳೇದು ನುಡಿಸುತ್ತಿದ್ದುದು ಹೆಚ್ಚಾಗಿ ಮಧ್ಯಾಹ್ನ ಊಟ ಆದ ಮೇಲೆ. ಹೊಸದು, ಕೆಲಸ ಮುಗಿಸಿ ಬಂದು ಸೋಲ್ಡರ್ ಮಾಡುತ್ತಿದ್ದೆ, ಕೇಳುತ್ತಿದ್ದುದೆಲ್ಲಾ ರಾತ್ರಿ 11ರ ಮೇಲೆ.


ಬೀದರ್ ಸ್ಲೈಡ್

ಹಾಹಾ! ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಸಾಧನ) ಇಟ್ಟು ಆಂಪಿನ ವೋಲ್ಟೇಜ್ ಇಳಿಸಿ ನುಡಿಸುತ್ತಿದ್ದ. ನಿಮಗೆ ಕಲಬುರಗಿಯ ಮಧ್ಯಾಹ್ನದ ಕೂಲರುಗಳು ಅದನ್ನು ಪುಕ್ಕಟೆ ಮಾಡಿಕೊಡುತ್ತಿದ್ದವು.

ಆ 47 ಮೈಕ್ರೋಫ್ಯಾರಡಿನದೂ ಪಾಲು ಇದೆ ನೋಡಿ. ನಿಮ್ಮ ಆಂಪಿನಲ್ಲಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್ ಇಲ್ಲ, ಡಯೋಡ್ ಇವೆ. ಹಳೇ ಕೆಪಾಸಿಟರ್ ಒಣಗಿ ಹೋಗಿತ್ತು ಅಂತ ಹಮ್ಮೇ ಹೇಳುತ್ತಿದೆ. ಒಣಗಿದ ಕೆಪಾಸಿಟರಿನಲ್ಲಿ ಜೋರಾಗಿ ಪಿಕ್ ಹೊಡೆದಾಗ ಎಚ್‌ಟಿ ಕುಸಿದು ಮತ್ತೆ ಏರುತ್ತಿತ್ತು. ಹತ್ತಿ ಗಾದಿ ಅಂದಿರಲ್ಲ, ಅದು ಅದೇ. ಈಗ ಎರಡು ಪಟ್ಟು ದೊಡ್ಡ ಹೊಸ ಟ್ಯಾಂಕಿ ಕೂರಿಸಿದ್ದೀರಿ, ಕುಸಿಯುವುದೇ ಇಲ್ಲ. ಗಾದಿ ಬೇಕಾದರೆ ಅದೊಂದನ್ನು 22ಕ್ಕೆ ಇಳಿಸಿ.

ಇನ್ನೂ ಚುಚ್ಚಿದರೆ ಮೊದಲನೇ 12ಎಎಕ್ಸ್7 ತೆಗೆದು 5751 ಅನ್ನುವ ಟ್ಯೂಬ್ ಹಾಕಿ. 12ಎಎಕ್ಸ್7ರ ಆಂಪ್ಲಿಫಿಕೇಶನ್ 100, ಅದರದು 70. ಪಿನ್ ಅವವೇ, ಬರೀ ಕಿತ್ತು ಹಾಕುವುದು.


ಯಾದಗಿರಿ ಹುಡುಗ

ಅಂದ್ರೆ ಅಪ್‌ಗ್ರೇಡ್ ಬದಲು ಓಣಿಯಲ್ಲಿ ಇನ್ನೆರಡು ಕೂಲರ್ ಹಚ್ಚಿಸಿದ್ದರೆ ಸಾಕಾಗಿತ್ತು. ಸ್ಪೀಕರ್ ವಿಷಯ ಏನಾಯ್ತು?


ವಾಲ್ವ್ ಕಾಕಾ

ನಗಬೇಡಿ, ಕಡಿಮೆ ವೋಲ್ಟೇಜೂ ವಾಲ್ವಿಗೆ ಒಳ್ಳೇದಲ್ಲ. ಹೀಟರಿಗೆ 6.3 ವೋಲ್ಟ್ ಬೇಕು, ಹತ್ತು ಪರ್ಸೆಂಟ್ ಹಿಂದೆ ಮುಂದೆ ನಡೆಯುತ್ತದೆ. ಗೋಡೆಯಲ್ಲಿ 208 ಅಂದ್ರೆ ಹೀಟರಿಗೆ ಸರಿಯಾಗಿ 5.7, ಅಂಚಿನಲ್ಲಿದೆ. 247ಕ್ಕೆ 6.8 ಹತ್ತಿರ, ಅದೂ ಅಂಚೇ. ಅದಕ್ಕಿಂತ ಕೆಳಗೆ ಬೇಕಂತಲೇ ಇಳಿಸಬೇಡಿ.

ರಾತ್ರಿಯ ಹೆಚ್ಚಿನ ವೋಲ್ಟೇಜಿಗೆ ಒಂದು ಸಣ್ಣ ಉಪಾಯ ಇದೆ. 230ಕ್ಕೆ 12 ವೋಲ್ಟಿನ, 1 ಆಂಪಿನ ಟ್ರಾನ್ಸ್‌ಫಾರ್ಮರ್ ತೊಗೊ. ಅದರ 12 ವೋಲ್ಟ್ ಕಡೆಯನ್ನು ಲೈನಿಗೆ ಸಾಲಾಗಿ ಉಲ್ಟಾ ಜೋಡಿಸಿದರೆ ಗೋಡೆಯ ವೋಲ್ಟೇಜಿನಿಂದ 12, 13 ಕಳೆಯುತ್ತದೆ. ಸುಲ್ಟಾ ಜೋಡಿಸಿದರೆ ಕೂಡುತ್ತದೆ, ಅದಕ್ಕೆ ಮೊದಲು ಬಲ್ಬ್ ಹಾಕಿ ಅಳೆದು ಆಮೇಲೆ ಆಂಪಿಗೆ ಕೊಡಬೇಕು. ನಿನ್ನ ಆಂಪ್ ಎಳೆಯುವುದು ಕಾಲು ಆಂಪಿನ ಆಸುಪಾಸು, 1 ಆಂಪಿನದು ಧಾರಾಳ ಆಯಿತು. ಮುಚ್ಚಿದ ಡಬ್ಬಿ, ಫ್ಯೂಸ್, ಅರ್ಥಿಂಗ್ ಇರಲೇಬೇಕು. ಮಧ್ಯಾಹ್ನ ಅದನ್ನು ತೆಗೆದು ನೇರ ಹಾಕು.

ಕಂಡೆನ್ಸರ್ ಬಗ್ಗೆ ಒಂದು ಮಾತು. 10 ಡಿಗ್ರಿ ಬಿಸಿ ಜಾಸ್ತಿ ಆದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ಒಂದು ಲೆಕ್ಕ ಇದೆ. ನಮ್ಮೂರಿನಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42. ನಿನ್ನ ಆಂಪಿನಲ್ಲಿ ವಾಲ್ವ್ ತಲೆಕೆಳಗಾಗಿ ನೇತಾಡುತ್ತವೆ, ಅವುಗಳ ಬಿಸಿಯೆಲ್ಲಾ ಮೇಲಿನ ಬೋರ್ಡಿಗೇ ಏರುತ್ತದೆ. 105 ಡಿಗ್ರಿಯದು ಹಾಕಿದ್ದೀಯೋ 85ರದೋ? 85ರದಾದರೆ ಮತ್ತೆ ಬದಲಾಯಿಸು. ಹಿಂದಿನ ಬದಿ ಗೋಡೆಗೆ ಒತ್ತಿ ಇಡಬೇಡ.


ಬಿಸಿಲೂರು ಗಿಟಾರ್

ಹತ್ತು ದಿನ ಆಯಿತು, ಏನೇನು ಮಾಡಿದೆ ಹೇಳುತ್ತೇನೆ. ಈ ಸಲ ದಿನಕ್ಕೊಂದೇ.

ಮೊದಲು ಬಯಾಸ್. ರಾತ್ರಿ 25ಕ್ಕೆ ತಂದೆ. ಟ್ರಿಮ್‌ಪಾಟ್ ತಿರುಗಿಸುತ್ತಾ ಜಿ ತಂತಿಯನ್ನು ಮೆಲ್ಲಗೆ ಮೀಟುತ್ತಿದ್ದೆ. 18ರ ಹತ್ತಿರ ಆ ಕರ್ ಸಣ್ಣಗಾಯಿತು, 22 ದಾಟಿದ ಮೇಲೆ ಹುಡುಕಿದರೂ ಸಿಗಲಿಲ್ಲ. ಸ್ವರದ ಬಾಲ ಉದ್ದವಾಯಿತು. ಇಷ್ಟೊಂದು ಬದಲಾವಣೆ ಆಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಒಂದು ಗಂಟೆ ಕತ್ತಲೆಯಲ್ಲಿ ಕೂತು ನೋಡಿದೆ, ಪ್ಲೇಟ್ ಕೆಂಪಗಾಗಲಿಲ್ಲ.

ಮಾರನೇ ದಿನ ಏನೂ ಮುಟ್ಟದೆ ಮಧ್ಯಾಹ್ನ 3ಕ್ಕೆ ನುಡಿಸಿದೆ. ಗೋಡೆಯಲ್ಲಿ 210. ನನ್ನ ಹಳೇ ಆಂಪ್ ಅರ್ಧ ವಾಪಸ್ ಬಂದಿತ್ತು! ಬೇಗ ಒಡೆಯುತ್ತದೆ, ತುದಿ ಮೊಂಡಾಗುತ್ತದೆ, ವಾಲ್ಯೂಮ್ 5ರಲ್ಲೇ ಹಾಡುತ್ತದೆ. ರಾತ್ರಿಗೆ ಕಾಕಾ ಹೇಳಿದ ಟ್ರಾನ್ಸ್‌ಫಾರ್ಮರ್ ಡಬ್ಬಿ ಮಾಡಿದೆ, ಈಗ 247 ಹೋಗಿ 234 ಬರುತ್ತದೆ. ಮೊದಲ ಸಲ ಸುಲ್ಟಾನೇ ಜೋಡಿಸಿದ್ದೆ, ಬಲ್ಬ್ ಝಗ್ ಅಂತು, 260 ತೋರಿಸಿತು. ಆಂಪ್ ಹಚ್ಚಿರಲಿಲ್ಲ, ಪುಣ್ಯ. ಅದಕ್ಕೂ ಮೊದಲು ಫ್ರಿಜ್ಜಿನ ಸ್ಟೆಬಿಲೈಸರ್ ಕಿತ್ತು ತಂದು ನೋಡಿದ್ದೆ. ರಿಲೇ ಟಿಕ್ ಅಂದಾಗಲೆಲ್ಲಾ ಸ್ಪೀಕರಿನಲ್ಲಿ ಟಪ್ ಅಂತಿತ್ತು, ಹಾಲು ಒಡೆದು ಅವ್ವನಿಂದ ಮಂಗಳಾರತಿ ಬೇರೆ ಆಯಿತು.

47 ಮೈಕ್ರೋಫ್ಯಾರಡ್ ಇಳಿಸಲಿಲ್ಲ. ಶನಿವಾರ ಮದುವೆಗೆ ಒಯ್ದಿದ್ದೆ, ಜನರೇಟರಿನ ಕರೆಂಟು, ಕೆಳಗಿನ ತಂತಿ ಬಿಗಿಯಾಗಿ ನಿಂತವು, ಕೀಬೋರ್ಡಿನವನೇ ತಿರುಗಿ ನೋಡಿದ. ಆ ಗಾದಿ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ ಅನ್ನಿಸಿತು. ಕೆಪಾಸಿಟರ್ 105 ಡಿಗ್ರಿಯವೇ ಇವೆ ಕಾಕಾ.

ಮುಂದಿನ ದಿನ ಕಾಕಾನ ಅಂಗಡಿಗೆ ಹೋಗಿ ಬಿಇಎಲ್ ಇಸಿಸಿ83 ಒಂದು ತಂದು ಮೊದಲನೇ ಜಾಗಕ್ಕೆ ಹಾಕಿದೆ. ದುಡ್ಡು ತೊಗೊಳ್ಳಲಿಲ್ಲ, ಚಹಾ ಕುಡಿಸಿ ಹೆಬ್ಬೆರಳು ತೋರಿಸಿದರು. ನಿಜ ಹೇಳಬೇಕಂದ್ರೆ ತಮ್ಮನ ಕೈಲಿ ಎರಡನ್ನೂ ಬದಲಿಸಿ ಬದಲಿಸಿ ಹಾಕಿಸಿ, ಕಣ್ಣು ಮುಚ್ಚಿಕೊಂಡು ಕೇಳಿದರೆ ಯಾವುದು ಯಾವುದು ಅಂತ ನನಗೆ ಹೇಳಲು ಆಗಲಿಲ್ಲ. ಆದರೂ ಅದನ್ನೇ ಬಿಟ್ಟಿದ್ದೇನೆ. 5751 ಇನ್ನೂ ತರಿಸಿಲ್ಲ.

ಕೊನೆಗೆ ಸ್ಪೀಕರ್. ಬೀದರ್ ಅಣ್ಣನ ಮಾತು ಮನೆಗೆ ಸರಿ, ಮಂಟಪಕ್ಕೂ ಸರಿ. ಹೊರಗೆ ವಿಂಟೇಜ್ 30 ಇರದಿದ್ದರೆ ನಾನು ಕೇಳಿಸುತ್ತಲೇ ಇರಲಿಲ್ಲ. ಮನೆಯಲ್ಲಿ, ಆ ಕಲ್ಲಿನ ನೆಲದ ಮೇಲೆ, ಆಂಪನ್ನು ಸ್ಟೂಲಿನ ಮೇಲಿಟ್ಟು, ಟ್ರೆಬಲ್ 6ರಿಂದ 4ಕ್ಕೆ ಇಳಿಸಿ, ಗೋಡೆಗೆ ಒಂದು ಕೌದಿ ಹಾಕಿದರೂ ಹಳೇ ಸ್ಪೀಕರೇ ಹಿತ. ಈಗ ಅದನ್ನು ಒಂದು ಪ್ಲೈವುಡ್ ಡಬ್ಬಿಗೆ ಹಾಕಿ ಮಂಚದ ಪಕ್ಕ ಇಟ್ಟಿದ್ದೇನೆ. ಎರಡೂ 8 ಓಮ್, ಒಂದು ಕಿತ್ತು ಇನ್ನೊಂದು ಹಚ್ಚುವುದು, ಅದೂ ಆಫ್ ಮಾಡಿಯೇ.

ಯಾದಗಿರಿಯವರೇ, ಸ್ಪೀಕರ್ ಮಾರುವುದಿಲ್ಲ. ದಯವಿಟ್ಟು ಮೆಸೇಜ್ ಮಾಡಬೇಡಿ.